ಗಂಟೆ ಹೊಡೆದ ಮೇಲೆ ಉಳಿದ ಮಾತು

ವಾಚನಾಲಯ,
ಶನಿವಾರ ಸಂಜೆ

ನಮ್ಮೆಲ್ಲರ ಚಿನಕುರುಳಿಗೆ,

ನಿನ್ನಿಂದ ಬೈಸಿಕೊಳ್ಳಲೂ ಸಿದ್ಧಳಾಗಿ ಕುಳಿತಿರುವ ಪುಸ್ತಕದಮ್ಮನ ತುಂಬು ಮನಸ್ಸಿನ ಆಶೀರ್ವಾದಗಳು.

ನೀನು ಫೋನು ಎತ್ತುತ್ತಿಲ್ಲ. ಎತ್ತದಿರುವುದು ನಿನ್ನ ಹಕ್ಕು. ಅದನ್ನು ನಾನು ದೂರುವುದಿಲ್ಲ. ಫೋನು ಮನುಷ್ಯರ ಬೆನ್ನು ಹತ್ತುತ್ತದೆ, ಕಾಗದ ಹಾಗಲ್ಲ. ನಿನಗೆ ಬೇಕೆನ್ನಿಸಿದಾಗ ಬಿಡಿಸಬಹುದು, ಸಾಕೆನ್ನಿಸಿದಾಗ ಮಡಚಿ ದಿಂಬಿನ ಕೆಳಗೆ ತಳ್ಳಬಹುದು. ಆದರೆ ಬುಧವಾರ ಹಾಗೆ ಕಾಯುವುದಿಲ್ಲವಾದ್ದರಿಂದ, ಸಾಧ್ಯವಾದರೆ ಇದನ್ನು ಒಂದೇ ಸಲಕ್ಕೆ ಕೊನೆಯವರೆಗೂ ಓದು ಎಂದು ಕೇಳಿಕೊಳ್ಳುತ್ತೇನೆ.

ನಡೆದದ್ದನ್ನು ನಾನು ಕಂಡ ಹಾಗೆ ಮೊದಲು ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುವುದು ವಿಚಿತ್ರವೆನ್ನಿಸಬಹುದು. ಆದರೆ ಊರಿನಲ್ಲಿ ಈಗ ಈ ಕಥೆಯ ಹತ್ತಾರು ಆವೃತ್ತಿಗಳು ತಿರುಗುತ್ತಿವೆ. ನನ್ನದು ಯಾವುದೆಂದು ನಿನಗೆ ತಿಳಿದಿರಲಿ.

ಮಾರುಕಟ್ಟೆಯ ಹಿಂದಿರುವ ಶಿಶುಗೃಹವನ್ನು ಮುಚ್ಚಿ ಆ ಜಾಗದಲ್ಲಿ ವಾಹನ ನಿಲ್ಲಿಸಲು ವ್ಯವಸ್ಥೆ ಮಾಡಬೇಕೆಂದು ಅಂಗಡಿಯವರು ಅರ್ಜಿ ಕೊಟ್ಟರು. ನಗರಸಭೆ ಅಹವಾಲು ಕೇಳಲು ಸಭೆ ಕರೆಯಿತು. ಸೊಪ್ಪು ಮಾರುವವರು, ಮೂಟೆ ಹೊರುವವರು, ಕಸ ಗುಡಿಸುವವರು, ಅಂದರೆ ಯಾರ ಮಕ್ಕಳು ಹಗಲೆಲ್ಲ ಆ ಎರಡು ಕೋಣೆಗಳಲ್ಲಿ ಉಂಡು ಮಲಗಿ ಎದ್ದು ಆಡುತ್ತವೆಯೋ ಅವರೆಲ್ಲ, ತಮ್ಮ ಪರವಾಗಿ ಮಾತಾಡಲು ನಿನ್ನೊಬ್ಬಳನ್ನೇ ಆರಿಸಿದರು. "ನಾವು ಬಾಯಿ ಬಿಟ್ರೆ ಜಗಳ ಆಗುತ್ತೆ. ನೀನು ಬಾಯಿ ಬಿಟ್ರೆ ಕೆಲಸ ಆಗುತ್ತೆ" ಎಂದು ನಮ್ಮ ಸೊಪ್ಪಿನಕ್ಕ ನಿನ್ನ ಗಲ್ಲ ಹಿಂಡಿದ್ದು ನನಗೆ ನೆನಪಿದೆ. ಅವರಲ್ಲಿ ಯಾರೂ ತಮ್ಮ ಹೆಸರನ್ನು ನೋಂದಾಯಿಸಲಿಲ್ಲ. ನೀನಿದ್ದೀಯಲ್ಲ ಎಂಬ ಧೈರ್ಯ.

ನಿನ್ನನ್ನು ತಯಾರು ಮಾಡಿದವಳು ನಾನು. ಈ ವಾಚನಾಲಯದ ಸಂಜೆಯ ಚರ್ಚೆಗೆ ಒಂದೇ ಒಂದು ಕಟ್ಟಳೆ ಇದೆ: ಎದುರಿನವರ ಮಾತನ್ನು ಖಂಡಿಸುವ ಮೊದಲು ಅದನ್ನು ಅವರಿಗೇ ಒಪ್ಪಿಸಬೇಕು. ಮಕ್ಕಳು ಪಾಠ ಒಪ್ಪಿಸುವ ಹಾಗೆ. "ಹೌದು, ನಾನು ಹೇಳಿದ್ದು ಇದೇ" ಎಂದು ಅವರ ಬಾಯಿಂದ ಬರುವವರೆಗೆ ನಿನ್ನ ಸರದಿ ಬರುವುದಿಲ್ಲ. ಬೆಳೆಯುತ್ತಿರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ತೋಚಲಿಲ್ಲ. ಮೊದಲ ಸಲ ಬಂದಾಗ ನೀನೇ ಎಷ್ಟು ಸಿಡುಕಿದ್ದೆ! "ಇವರ ಮಾತು ನನ್ ಬಾಯಲ್ಲಿ ಯಾಕೆ ಬರ್ಬೇಕು? ನನ್ ಬಾಯೇನು ಬಾಡಿಗೆಗಿದ್ಯಾ?" ಎಂದಿದ್ದೆ. ಆಮೇಲೆ ನಿನ್ನಷ್ಟು ಚೆನ್ನಾಗಿ ಒಪ್ಪಿಸುವವರು ಯಾರೂ ಉಳಿಯಲಿಲ್ಲ. ಎದುರಾಳಿಗಳು ತಮ್ಮ ವಾದವನ್ನು ನಿನ್ನ ಬಾಯಲ್ಲಿ ಕೇಳಲೆಂದೇ ಬರುತ್ತಿದ್ದರು.

ಸಭೆಯಲ್ಲೂ ನೀನು ಅದನ್ನೇ ಮಾಡಿದೆ. ಪ್ರತಿಯೊಬ್ಬರಿಗೂ ಮೂರು ನಿಮಿಷ. ನೀನು ಎದ್ದು ನಿಂತು, ಅರ್ಜಿ ಕೊಟ್ಟವರಲ್ಲೊಬ್ಬರಾದ ಬೀಗದಂಗಡಿಯ ಯಜಮಾನರ ಕಡೆ ತಿರುಗಿ, ಅವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳತೊಡಗಿದೆ. ಅವರ ಅಣ್ಣ ಎದೆನೋವೆಂದು ಅಂಗಡಿಯಲ್ಲೇ ಕುಸಿದ ದಿನ ಆಂಬುಲೆನ್ಸು ಬೀದಿಯ ಬಾಯಲ್ಲೇ ನಿಂತುಬಿಟ್ಟದ್ದು. ಅಡ್ಡಾದಿಡ್ಡಿ ನಿಂತಿದ್ದ ಗಾಡಿಗಳ ಸಂದಿಯಲ್ಲಿ ಅಣ್ಣನನ್ನು ನಾಲ್ವರು ಹೊತ್ತುಕೊಂಡು ಓಡಿದ್ದು. ಅಷ್ಟಾದರೂ ಅವರು ಉಳಿಯದೆ ಹೋದದ್ದು. "ಈ ಬೀದಿಗೆ ಗಾಡಿ ನಿಲ್ಲಿಸಲು ಜಾಗವಿದ್ದಿದ್ದರೆ ನನ್ನ ಅಣ್ಣ ಇರುತ್ತಿದ್ದರು ಎಂಬುದು ಇವರ ನಂಬಿಕೆ. ಇದನ್ನು ದುರಾಸೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ" ಎಂದೆ. ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಹೌದಮ್ಮ, ನನ್ನ ಮಾತು ಇದೇ" ಎಂದರು. ನಮ್ಮ ಕೋಣೆಯಲ್ಲಾಗಿದ್ದರೆ ಆಗ ನಿನ್ನ ಸರದಿ ಶುರುವಾಗುತ್ತಿತ್ತು. ಅಲ್ಲಿ ಗಂಟೆ ಹೊಡೆಯಿತು. ನಿನ್ನ ತುಟಿ ಆಡುತ್ತಲೇ ಇತ್ತು, ಮೈಕು ಸತ್ತುಹೋಗಿತ್ತು. ಅಧ್ಯಕ್ಷೆಯವರು ತಲೆಯೆತ್ತದೆ "ಮುಂದಿನವರು" ಎಂದರು.

ಮಗಳೇ, ಇಂಥ ತಪ್ಪನ್ನು ನಮ್ಮ ವಾಚನಾಲಯದವರು ಬಿಟ್ಟರೆ ಲೋಕದಲ್ಲಿ ಇನ್ನಾರೂ ಮಾಡಲಾರರು. ಬೇರೆಯವರು ತಮ್ಮ ಮೂರು ನಿಮಿಷವನ್ನೂ ತಮ್ಮ ಮಾತಿಗೇ ಬಳಸಿ, ಗಂಟೆಯ ಮೇಲೂ ಕೂಗುತ್ತಾರೆ. ನಮ್ಮ ಗೋಡೆಯ ಮೇಲೆ ನಾನು ಬೇಕೆಂದೇ ಗಡಿಯಾರ ಹಾಕಿರಲಿಲ್ಲ. ವಿಚಾರಕ್ಕೆ ಅವಸರ ಸಲ್ಲದು ಎಂಬ ನನ್ನ ಹಮ್ಮು. ಗಡಿಯಾರವಿಲ್ಲದ ಕೋಣೆಯಲ್ಲಿ ಈಜು ಕಲಿಸಿ ನಿನ್ನನ್ನು ಹೊಳೆಗೆ ಇಳಿಸಿದೆ.

ಆ ಸಂಜೆಯೇ ನಿನ್ನ ಮಾತಿನ ತುಣುಕು ಎಲ್ಲರ ಫೋನಿಗೂ ಬಂತು. ಮೇಲೆ ದಪ್ಪಕ್ಷರದಲ್ಲಿ: "ಶಿಶುಗೃಹದ ಕಡೆಯವಳೇ ಒಪ್ಪಿಕೊಂಡಳು!" ಅದನ್ನು ಯಾರೂ ತಿರುಚಿರಲಿಲ್ಲ ಎಂಬುದೇ ಅದರ ಕ್ರೌರ್ಯ. ಪ್ರತಿ ಪದವೂ ನಿನ್ನದೇ. ನಿನ್ನ ರಕ್ತಪರೀಕ್ಷೆಯ ಕೇಂದ್ರದ ಮೇಲಧಿಕಾರಿ ನಿನ್ನನ್ನು ಕರೆಸಿ, "ನಿನಗ್ಯಾಕಮ್ಮ ಊರ ಉಸಾಬರಿ? ಸೂಜಿ ಚುಚ್ಚೋ ಕೆಲಸ, ಸೂಜಿ ಚುಚ್ಚು" ಎಂದರಂತೆ. ಸೊಪ್ಪಿನಕ್ಕ ನಿನ್ನ ಮನೆಯ ಮುಂದೆ ನಿಂತು ಏನೆಲ್ಲ ಕೂಗಿದಳು ಎಂಬುದನ್ನು ನಾನಿಲ್ಲಿ ಬರೆಯಲಾರೆ. ಮರುದಿನ ನೀನು ರಜೆ ಬರೆದುಕೊಟ್ಟು ಅಕ್ಕನ ಮನೆಗೆ ಹೊರಟುಹೋದೆ. ನನಗೆ ಒಂದೇ ಸಾಲು ಕಳಿಸಿದೆ: "ಇನ್ನು ನನ್ನ ಅಭಿಪ್ರಾಯ ನನ್ನ ಹತ್ತಿರವೇ ಇರುತ್ತದೆ."

ಆ ಸಾಲನ್ನು ನಾನು ಅನೇಕ ಸಲ ಓದಿದ್ದೇನೆ. ಅದರ ಹಿಂದೆ ಇರುವುದು ಸಿಟ್ಟು ಮಾತ್ರವಲ್ಲ ಎಂದು ನನಗೆ ಅನ್ನಿಸುತ್ತದೆ. ನಿನ್ನ ಮನಸ್ಸು ಹೀಗಿರಬಹುದು: ಕೂಗಿದವರಿಗೆ ಚಪ್ಪಾಳೆ ದಕ್ಕಿತು, ನ್ಯಾಯವಾಗಿ ನಡೆದುಕೊಂಡ ನನಗೆ ಸಿಕ್ಕಿದ್ದು ಬೈಗುಳ. ಯಾರ ಮಕ್ಕಳಿಗಾಗಿ ನಿಂತೆನೋ ಅವರೇ ನನ್ನನ್ನು ಮಾರಿಕೊಂಡವಳು ಎಂದರು. ನಾನು ಮತ್ತೆ ಬಾಯಿ ತೆರೆದರೆ ಮತ್ತೊಂದು ತುಣುಕು ಹುಟ್ಟುತ್ತದೆ. ಆ ಮಕ್ಕಳಿಗೆ ನನ್ನ ಮೌನವೇ ಕಡಿಮೆ ಅಪಾಯದ್ದು. ಇದು ನಿನ್ನ ಮಾತಾದರೆ, ಇದರಲ್ಲಿ ಹುರುಳಿದೆ. ಹುರುಳಿಲ್ಲ ಎಂದು ನಾನು ನಟಿಸುವುದಿಲ್ಲ.

ಈಗಿನ ಸಾರ್ವಜನಿಕ ಬದುಕು ಹೇಗಾಗಿದೆ ಎಂಬುದು ನನಗೂ ಕಾಣುತ್ತದೆ. ಟೀವಿಯಲ್ಲಿ ಎಂಟು ಜನ ಎಂಟು ಕಿಂಡಿಗಳಲ್ಲಿ ಕುಳಿತು ಏಕಕಾಲಕ್ಕೆ ಕೂಗುತ್ತಾರೆ; ಅದಕ್ಕೆ ಚರ್ಚೆ ಎಂಬ ಹೆಸರು. ಅಣ್ಣತಮ್ಮಂದಿರ ಫೋನಿನ ಗುಂಪುಗಳು ಚುನಾವಣೆ ಬಂದಾಗಲೆಲ್ಲ ಹೋಳಾಗುತ್ತವೆ. "ನೀನು ಏನು ಯೋಚಿಸುತ್ತೀಯ" ಎಂದು ಯಾರೂ ಕೇಳುವುದಿಲ್ಲ. "ನೀನು ಯಾವ ಕಡೆ" ಎಂದಷ್ಟೇ ಕೇಳುತ್ತಾರೆ, ಅದೂ ಉತ್ತರ ಗೊತ್ತಿದ್ದವರ ಹಾಗೆ. ಅಧಿಕಾರದಲ್ಲಿರುವವರಿಗೆ ಇದು ಅನುಕೂಲ. ಬೀಗದಂಗಡಿಯವರೂ ಸೊಪ್ಪಿನವರೂ ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿರುವಷ್ಟು ಕಾಲ, ಆ ಬೀದಿಗೆ ವಾಹನ ನಿಲ್ದಾಣವನ್ನೂ ಶಿಶುಗೃಹವನ್ನೂ ಎರಡನ್ನೂ ಏಕೆ ಕೊಡಲಾಗದು ಎಂದು ನಗರಸಭೆಯನ್ನು ಕೇಳಲು ಯಾರಿಗೆ ಪುರುಸೊತ್ತಿದೆ? ನಮ್ಮಲ್ಲಿ ಕಾರಿಗೆ ನೆರಳು ಬೇಕೆಂದರೆ ಅದು ಅಭಿವೃದ್ಧಿ. ಸೊಪ್ಪು ಮಾರುವವಳ ಮಗುವಿಗೆ ನೆರಳು ಬೇಕೆಂದರೆ ಅದು ದಾನಧರ್ಮ. ಈ ಲೆಕ್ಕ ಹಾಕಿಕೊಟ್ಟವರು ಯಾರೋ ನಾನರಿಯೆ. ಎಳೆಯರಾದ ನೀವು ಅದನ್ನು ಒಪ್ಪಬೇಕಾಗಿಲ್ಲ ಎಂಬುದಷ್ಟೇ ನನ್ನ ಆಸೆ.

ಇಷ್ಟು ಪೀಠಿಕೆ ಸಾಕು. ನಿನಗೆ ತಿಳಿಸಲೇಬೇಕಾದದ್ದು ಮೊನ್ನೆ ಗುರುವಾರದ ಸಂಗತಿ.

ನೀನು ಹೋದ ಮೇಲೆ ಸಂಜೆಯ ಚರ್ಚೆಗೆ ಜನ ಬರುವುದು ನಿಂತಿತ್ತು. ನಾನೊಬ್ಬಳೇ ಕುಳಿತು ಹರಿದ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುತ್ತಿದ್ದೆ. ಸೊಪ್ಪಿನಕ್ಕ ಖಾಲಿ ಬುಟ್ಟಿಯನ್ನು ಬಾಗಿಲಲ್ಲಿ ಕುಕ್ಕಿ, ಸಣ್ಣ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಒಳಗೆ ಬಂದಳು. "ಏನ್ ಪುಸ್ತಕದಮ್ಮ, ಚೆನ್ನಾಗಿ ಓದಿಸಿದ್ರಿ ನಿಮ್ ಚಿನಕುರುಳೀನ. ನಮ್ ಮಕ್ಕಳ ಅನ್ನಕ್ಕೇ ಕಲ್ಲು ಹಾಕೋಷ್ಟು ಓದ್ಬಿಟ್ಟಿದಾಳೆ" ಎಂದಳು. ನಾನು ಕಟ್ಟಳೆಯನ್ನು ವಿವರಿಸಲು ಹೋದೆ. "ನಿಮ್ ಕಟ್ಟಳೆ ಕಟ್ಕೊಂಡು ನನಗೇನಾಗ್ಬೇಕು?" ಎಂದು ಕೇಳಿದಳು.

ಅಷ್ಟರಲ್ಲಿ ಬೀಗದಂಗಡಿಯ ಯಜಮಾನರು ಎಂದಿನಂತೆ ಪತ್ರಿಕೆ ಓದಲು ಬಂದರು. ಅವರನ್ನು ಕಂಡದ್ದೇ ಸೊಪ್ಪಿನಕ್ಕ ನನ್ನನ್ನು ಬಿಟ್ಟು ಅವರ ಕಡೆ ತಿರುಗಿದಳು. "ಬನ್ನಿ ಸಾಹುಕಾರ್ರೇ. ಮಕ್ಕಳು ಮಲಗೋ ಜಾಗದಲ್ಲಿ ಯಾವ ಗಾಡಿ ಮಲಗಿಸ್ತೀರಿ? ಕೆಂಪಿದ್ದೋ, ಬಿಳೀದೋ?"

"ನನ್ನ ಯಾಕೆ ಕೇಳ್ತೀಯ? ನಿಮ್ ಹುಡುಗೀನೇ ಹೇಳಿದಾಳಲ್ಲ, ಊರೆಲ್ಲ ಕೇಳಿದೆ" ಎಂದು ಅವರು ಪತ್ರಿಕೆ ಬಿಡಿಸಿದರು.

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. ಅಂಟಿನ ಕೈಯಲ್ಲೇ ಆ ಪತ್ರಿಕೆಯನ್ನು ಅವರಿಂದ ತೆಗೆದುಕೊಂಡೆ. "ಯಜಮಾನರೇ, ಆ ಹುಡುಗಿ ನಿಮ್ಮ ಮಾತನ್ನು ನಿಮಗೆ ಒಪ್ಪಿಸಿದಳು. ಈ ಚಾವಣಿಯ ಕೆಳಗೆ ನೀವೂ ಕುಳಿತವರು. ಈಗ ಇವಳ ಮಾತನ್ನು ನೀವು ಒಪ್ಪಿಸಬೇಕು" ಎಂದೆ. ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ, ನಗುವುದನ್ನು ನಿಲ್ಲಿಸಿದರು.

"ಅದೇನು ಮಹಾ. ಇವರಿಗೆ ಪುಕ್ಕಟೆ ಜಾಗ ಬೇಕು."

"ಅಲ್ಲ" ಎಂದಳು ಸೊಪ್ಪಿನಕ್ಕ.

"ಸರಿ, ಮಕ್ಕಳು ಪಾಪ, ಕನಿಕರ ತೋರಿಸ್ಬೇಕು ಅಂತ."

"ಕನಿಕರ ನಿಮ್ ಗಲ್ಲಾಪೆಟ್ಟಿಗೇಲೇ ಇಟ್ಟು ಬೀಗ ಹಾಕ್ಕೊಳ್ಳಿ. ಅಲ್ಲ."

ಯಜಮಾನರ ಮುಖ ಕೆಂಪಾಯಿತು. "ಮತ್ತಿನ್ನೇನು ಅಂತ ನೀನೇ ಹೇಳಮ್ಮ ತಾಯಿ, ಕೇಳಿಸ್ಕೊಂಡು ಹೇಳ್ತೀನಿ" ಎಂದು ಕುರ್ಚಿ ಎಳೆದುಕೊಂಡರು.

ಆಗ ಅವಳು ಹೇಳಿದ್ದನ್ನು ನಾನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನನ್ ದೊಡ್ಡವಳು ಹುಟ್ಟಿದಾಗ ಶಿಶುಗೃಹ ಇರ್ಲಿಲ್ಲ. ಬೆಳಗ್ಗೆಯಿಂದ ಸಂಜೇವರೆಗೆ ಬುಟ್ಟೀಲೇ ಇಟ್ಕೊಂಡಿರ್ತಿದ್ದೆ. ಕೆಳಗೆ ಬಿಟ್ರೆ ಒಂದ್ ಕಡೆ ಚರಂಡಿ, ಒಂದ್ ಕಡೆ ಗಾಡಿ ಚಕ್ರ. ಮೂರು ವರ್ಷ ತುಂಬಿದ್ರೂ ನಡೀಲಿಲ್ಲ ಮಗು. ಕಾಲಲ್ಲಿ ದೋಷ ಅಂದ್ಕೊಂಡು ಡಾಕ್ಟ್ರ ಹತ್ರ ಎತ್ಕೊಂಡು ಓಡ್ದೆ. ಅವರು ನೋಡಿ, ಕಾಲು ಸರಿಯಾಗೇ ಇದೆ, ಇದನ್ನ ಎಲ್ಲಾದ್ರೂ ನಡೆಯೋಕೆ ಬಿಟ್ಟಿದೀಯೇನಮ್ಮ ಅಂದ್ರು. ಎಲ್ಲಿ ಬಿಡ್ಲಿ? ಈ ಚಿಕ್ಕವನು ಶಿಶುಗೃಹದಲ್ಲಿ ವರ್ಷ ತುಂಬೋ ಮೊದಲೇ ನಡೆದ. ಓಡ್ತಾನೆ ಈಗ, ಹಿಡಿಯೋಕಾಗಲ್ಲ. ಅಷ್ಟೇ. ನನಗೆ ಪುಕ್ಕಟೆ ಬೇಡ, ಕನಿಕರ ಬೇಡ. ನನ್ ಕೆಲಸ ಮುಗಿಯೋವರೆಗೆ ಮಗು ನೆಲದ ಮೇಲಿರಬೇಕು."

ಯಜಮಾನರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಅನಂತರ, ಅಂಗಡಿಗೆ ಬಂದವರೊಡನೆ ಆಡುವ ದನಿಯಲ್ಲಿ ಅಲ್ಲ, ತೀರ ಸಣ್ಣ ದನಿಯಲ್ಲಿ, ಅದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದರು. ಬುಟ್ಟಿ, ಚರಂಡಿ, ಡಾಕ್ಟರ ಪ್ರಶ್ನೆ. "ಹೂಂ. ಇದೇ" ಎಂದಳು ಸೊಪ್ಪಿನಕ್ಕ, ಮುಖ ತಿರುಗಿಸಿಕೊಂಡು.

ಇಷ್ಟಕ್ಕೇ ಅವರು ಕರಗಿಹೋದರು ಎಂದು ನೀನು ಭಾವಿಸಬೇಡ. ಮರುಗಳಿಗೆಯಲ್ಲೇ, "ಎಲ್ಲ ಸರಿ, ಗಾಡಿ ಎಲ್ಲಿ ನಿಲ್ಸೋದು ಹೇಳು" ಎಂದರು. "ನಿಮ್ ತಲೆ ಮೇಲೆ" ಎಂದಳು ಇವಳು. "ಅಲ್ಲಿ ಜಾಗ ಇಲ್ಲಮ್ಮ, ಸಾಲ ಕೂತಿದೆ" ಎಂದರು ಅವರು. ಮೊದಲ ಸಲ ಇಬ್ಬರೂ ನಕ್ಕರು. ಆ ತುಣುಕನ್ನು ಊರಿಗೆ ಹಂಚಿದವನು ಅವರ ಅಳಿಯನೆಂದು ಅವರೇ ಹೇಳಿದರು, ಕ್ಷಮೆಯನ್ನೇನೂ ಕೇಳಲಿಲ್ಲ. ಆದರೆ ಹೊರಡುವಾಗ ಬಾಗಿಲಲ್ಲಿ ನಿಂತು, ನಮ್ಮ ಯಾರ ತಲೆಗೂ ಹೊಳೆದಿರದ ಒಂದು ಪ್ರಶ್ನೆ ಕೇಳಿದರು.

"ಅಲ್ಲ ಪುಸ್ತಕದಮ್ಮ, ಗಂಟೆ ಹೊಡೀದೆ ಇದ್ದಿದ್ರೆ ಆ ಹುಡುಗಿ ಮುಂದೇನು ಹೇಳ್ತಿದ್ಲು?"

ನಾನು ಸೊಪ್ಪಿನಕ್ಕನನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಮಗಳೇ, ನಮಗಿಬ್ಬರಿಗೂ ಗೊತ್ತಿರಲಿಲ್ಲ! ವಾರಗಟ್ಟಲೆ ನಾನು ನಿನ್ನಿಂದ ಯಜಮಾನರ ವಾದವನ್ನೇ ಒಪ್ಪಿಸಿಕೊಂಡಿದ್ದೆ. "ಮಿಕ್ಕಿದ್ದು ನನ್ ತಲೇಲಿದೆ ಬಿಡಿ" ಎಂದು ನೀನೂ ನಕ್ಕಿದ್ದೆ, ನಾನೂ ಬಿಟ್ಟುಬಿಟ್ಟಿದ್ದೆ. ನಿನ್ನನ್ನು ಮುಂದೆ ನಿಲ್ಲಿಸಿದ ತಾಯಂದಿರಲ್ಲೂ ಒಬ್ಬರಾದರೂ ನೀನು ಏನು ಹೇಳಲಿದ್ದೀಯೆಂದು ಕೇಳಿರಲಿಲ್ಲ. ನಿನ್ನನ್ನು ನಂಬಿದವರಾಗಲಿ ಬೈದವರಾಗಲಿ ಯಾರೂ ಕೇಳದ್ದನ್ನು ನಿನ್ನ ಎದುರಾಳಿ ಕೇಳಿದರು. ಎರಡು ದಿನದಿಂದ ಆ ಪ್ರಶ್ನೆ ನನ್ನ ಬಾಗಿಲಲ್ಲೇ ನಿಂತಿದೆ.

ಬುಧವಾರ ಎರಡನೆಯ ಸಭೆ. ತೀರ್ಮಾನವೂ ಅಂದೇ. ನಾನು ನಗರಸಭೆಯ ಕಚೇರಿಗೆ ಹೋಗಿ ವಿಚಾರಿಸಿದೆ: ಮೊದಲ ಸಭೆಯಲ್ಲಿ ಮಾತಾಡಿದವರಿಗೆ ಮಾತ್ರ ಈ ಸಲ ಅವಕಾಶ, ಹೊಸ ಹೆಸರುಗಳನ್ನು ಸೇರಿಸಿಕೊಳ್ಳುವುದಿಲ್ಲವಂತೆ. ನನ್ನ ಹೆಸರನ್ನಾದರೂ ಬರೆದುಕೊಳ್ಳಿ ಎಂದು ಬೇಡಿದೆ. "ಇಲ್ಲಮ್ಮ, ರೂಲ್ಸಿಲ್ಲ" ಎಂದು ಗುಮಾಸ್ತ, ನನ್ನ ಹಳೆಯ ಓದುಗನೇ, ಪಾಪ, ತಲೆ ತಗ್ಗಿಸಿಕೊಂಡೇ ಹೇಳಿದ. ಅಂಗಡಿಯವರ ಕಡೆಯಿಂದ ಐವರು ಮಾತಾಡಲಿದ್ದಾರೆ. ಶಿಶುಗೃಹದ ಕಡೆಯಿಂದ ಮಾತಾಡಬಹುದಾದವಳು ಇಡೀ ಊರಿನಲ್ಲಿ ನೀನೊಬ್ಬಳು. ನೀನು ಬಾರದಿದ್ದರೆ, ಆ ಕಡೆಯ ಕೊನೆಯ ಮಾತಾಗಿ ಉಳಿಯುವುದು ಫೋನುಗಳಲ್ಲಿರುವ ಆ ತುಣುಕು.

ಇದನ್ನು ಓದಿ ನಿನಗೆ, "ನೋಡು, ಕೊನೆಗೂ ಭಾರ ನನ್ನ ತಲೆಯ ಮೇಲೆಯೇ ಹೊರಿಸಿದಳು" ಅನ್ನಿಸಬಹುದು. ಹೌದು, ಹೊರಿಸುತ್ತಿದ್ದೇನೆ. ಅದು ಹಗುರವೆಂದು ಸುಳ್ಳು ಹೇಳಲಾರೆ. ನೀನು ಬಂದು ಮಾತಾಡಿದರೂ ನಾವು ಸೋಲಬಹುದು. ಮತ್ತೆ ಯಾರಾದರೂ ನಿನ್ನ ಮಾತನ್ನು ಕತ್ತರಿಸಬಹುದು. ನಿನ್ನ ಮೇಲಧಿಕಾರಿಗೆ ನಾನು ಹೇಳಿ ನೋಡುತ್ತೇನೆ, ಆದರೆ ಅವರು ಕೇಳುತ್ತಾರೆಂಬ ಭರವಸೆ ಕೊಡಲಾರೆ. ನನ್ನ ವಯಸ್ಸಿನವರು ಎಳೆಯರಿಗೆ ಧೈರ್ಯ ಹೇಳುವಾಗ ಕಷ್ಟಗಳ ಪಾಲನ್ನು ಮರೆಮಾಚುವುದುಂಟು. ನಿನ್ನ ವಿಷಯದಲ್ಲಿ ಹಾಗೆ ಮಾಡಬಾರದೆಂದು ತೀರ್ಮಾನಿಸಿದ್ದೇನೆ.

ಆದರೂ ಕರೆಯುತ್ತೇನೆ. ಏಕೆಂದರೆ, ಅಭಿಪ್ರಾಯವನ್ನು ನಮ್ಮ ಹತ್ತಿರವೇ ಇಟ್ಟುಕೊಂಡರೆ ಅದು ಸುರಕ್ಷಿತವಾಗಿರುತ್ತದೆ ನಿಜ, ಡಬ್ಬದಲ್ಲಿಟ್ಟ ಬಿತ್ತನೆ ಬೀಜದ ಹಾಗೆ. ಮತ ಹಾಕುವುದು ವರ್ಷಗಳಿಗೊಮ್ಮೆ ಬರುವ ಕೆಲಸ. ಪಕ್ಕದವಳ ಮಗು ನೆಲದ ಮೇಲೆ ನಡೆಯಲಿ ಎಂದು ಎದ್ದು ನಿಂತು ಹೇಳುವ ಕೆಲಸ ಮಾತ್ರ ಯಾವ ದಿನವಾದರೂ ಬರಬಹುದು. ಅದು ನಿನಗೆ ಇಷ್ಟು ಬೇಗ, ಇಷ್ಟು ಒರಟಾಗಿ ಬಂತು. ಎದುರಾಳಿಯ ನೋವನ್ನು ಅಷ್ಟು ಪ್ರಾಮಾಣಿಕವಾಗಿ ಹೇಳಬಲ್ಲವಳು ತನ್ನವರ ನೋವನ್ನು ಹೇಳಿದರೆ ಹೇಗಿರುತ್ತದೆ ಎಂದು ಊರು ಇನ್ನೂ ಕೇಳಿಲ್ಲ. ನಾನೂ ಕೇಳಿಲ್ಲ. ಮೂರು ನಿಮಿಷವನ್ನೂ ಈ ಸಲ ನಿನ್ನ ಮಾತಿಗೇ ಇಟ್ಟುಕೋ. ಯಜಮಾನರಿಗೆ ಸಲ್ಲಬೇಕಾದದ್ದು ಸಂದಿದೆ. ಕಟ್ಟಳೆ ಮಾಡಿದವಳೇ ಹೇಳುತ್ತಿದ್ದೇನೆ.

ನೀನು ಬಾರದಿರಲು ನಿರ್ಧರಿಸಿದರೂ ನಿನ್ನ ಕುರ್ಚಿ ಈ ಕೋಣೆಯಲ್ಲಿ ನಿನ್ನದೇ. ಅದನ್ನು ಬುಧವಾರಕ್ಕೆ ನಾನು ಕಟ್ಟಿಹಾಕಿಲ್ಲ.

ಅಕ್ಕನಿಗೂ ಭಾವನಿಗೂ ನನ್ನ ನೆನಪುಗಳನ್ನು ತಿಳಿಸು. ಊಟ ಬಿಡಬೇಡ.

ನಿನ್ನ ಉಳಿದ ಮಾತನ್ನು ಕೇಳಲು ಕಾದಿರುವ,
ಪುಸ್ತಕದಮ್ಮ

ಮರೆತಿದ್ದ ಮಾತು: ಇದನ್ನು ಅಂಚೆಗೆ ಹಾಕಲು ಹೊರಟಿದ್ದೆ. ಸೊಪ್ಪಿನಕ್ಕ ದಾರಿಯಲ್ಲೇ ತಡೆದು, "ಅಂಚೆ ನಂಬ್ಕೊಂಡ್ರೆ ಗುರುವಾರ ತಲುಪುತ್ತೆ, ಇಲ್ಲಿ ಕೊಡಿ" ಎಂದು ಕಸಿದುಕೊಂಡಳು. ಒಂದು ಮಾತು ಬಿಟ್ಟುಹೋಗಿದೆಯೆಂದು ನೆಪ ಹೇಳಿ ಮತ್ತೆ ಇಸಿದುಕೊಂಡು ಇದನ್ನು ಸೇರಿಸುತ್ತಿದ್ದೇನೆ. ನಾಳೆ ವ್ಯಾಪಾರ ಬಿಟ್ಟು, ಚಿಕ್ಕವನನ್ನು ಎತ್ತಿಕೊಂಡು, ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ತಾನು ಬರುವ ವಿಷಯ ಕಾಗದದಲ್ಲಿ ಬರೆಯಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ಆಣೆ ಮುರಿದಿದ್ದೇನೆ. ಬಹುಶಃ ನೀನು ಓದಿ ಮುಗಿಸುವವರೆಗೂ ಅವಳು ನಿನ್ನ ಅಕ್ಕನ ಮನೆಯ ಹೊಸ್ತಿಲಾಚೆಯೇ ನಿಂತಿರುತ್ತಾಳೆ. ಒಳಗೆ ಕರೆ. ಮೊದಲು ಬೈಯುತ್ತಾಳೆ, ಬೈಯಲಿ. ಕ್ಷಮೆ ಕೇಳುವುದನ್ನು ಅವಳಿಗೆ ಯಾರೂ ಕಲಿಸಿಲ್ಲ. ಮಗುವನ್ನು ನೀನು ಎತ್ತಿಕೋ. ಕೈ ಖಾಲಿಯಾದರೆ ಅವಳಿಗೆ ಮಾತು ಬರುತ್ತದೆ.